ಖಾಲಿ ಗುಡ್ಡೆ

ಮನೆಯ ಹಿಂದಿನ ಗುಡ್ಡೆಯನ್ನು ‘ಖಾಲಿ’ ಎಂದು ಮೊದಲು ಕರೆದವರು ನನ್ನ ಗಂಡನ ಅಣ್ಣ. ಭಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಳಿಸಿಕೊಳ್ಳುವ ಇರಾದೆಯೂ ಇಲ್ಲ.

ಊಟಕ್ಕೆ ಕೂತಲ್ಲಿ ತಮ್ಮನಿಗೆ ಹೇಳಿದರು: “ಗುಡ್ಡೆ ಸುಮ್ಮನೆ ಖಾಲಿ ಉಂಟು ಮಾರಾಯ. ರಬ್ಬರ್ ಹಾಕುವ.”

ಬಡಿಸುತ್ತಿದ್ದವಳು ನಾನು. ಅವರು ಎರಡೆರಡು ಸಲ ಹಾಕಿಸಿಕೊಂಡ ಸಾರು ಅದೇ ಗುಡ್ಡೆಯ ಪುನರ್ಪುಳಿಯದ್ದು.

“ಖಾಲಿ ಎಲ್ಲಿ ಭಾವ? ಅಷ್ಟು ಪುನರ್ಪುಳಿ ಮರ ಉಂಟಲ್ಲ,” ಎಂದೆ.

“ಅದು ಕಾಡುಮರ. ಯಾರಾದ್ರೂ ನೆಟ್ಟದ್ದಾ?”

ನೆಟ್ಟದ್ದಲ್ಲ, ನಿಜ. ಆದರೆ ಬೇಸಗೆಯಲ್ಲಿ ಹಣ್ಣು ಹೆಕ್ಕಿ, ಸಿಪ್ಪೆ ಒಣಗಿಸಿ ವಾಮದಪದವಿನ ಅಂಗಡಿಗೆ ಕೊಟ್ಟರೆ ಬರುತ್ತಿದ್ದುದಷ್ಟೇ ಈ ಮನೆಯಲ್ಲಿ ನನ್ನ ಸ್ವಂತ ದುಡ್ಡು. ತವರಿಗೆ ಹೋಗುವ ಬಸ್ಸಿಗೆ ನಾನು ಯಾರ ಮುಂದೆಯೂ ಕೈ ಚಾಚಿದವಳಲ್ಲ. ನನ್ನ ಗಂಡ ಅಣ್ಣನಿಗೆ ಎದುರಾಡುವವರಲ್ಲ. ಬಾಯಲ್ಲಿ ಅನ್ನ ತುಂಬಿಕೊಂಡೇ ತಲೆಯಾಡಿಸಿದರು.

ಜೆಸಿಬಿ ಬಂತು. ನನ್ನ ಮರಗಳು ಬೇರು ಮೇಲಾಗಿ ಬಿದ್ದವು. ಮೊದಲ ಮಳೆಗೆ ಗುಡ್ಡೆಯ ಕೆಂಪು ಮಣ್ಣು ಜಾರಿ ಬಾವಿಗೆ ಇಳಿಯಿತು. ಮೇ ತಿಂಗಳವರೆಗೂ ಇರುತ್ತಿದ್ದ ನೀರು ಶಿವರಾತ್ರಿಗೇ ತಳ ಕಂಡಿತು. ಹಟ್ಟಿಗೆ ಹಾಕಲು ಸೊಪ್ಪಿಲ್ಲವೆಂದು ದನ ಮಾರಿದರು. ದನವಿಲ್ಲವೆಂದು ತೋಟಕ್ಕೆ ಗೊಬ್ಬರವನ್ನು ಚೀಲದಲ್ಲಿ ತಂದರು. ಇದನ್ನೇ ಅವರು ಅಭಿವೃದ್ಧಿ ಎಂದರು. ರಬ್ಬರ್ ಹಾಲು ಕೊಡುವ ಹೊತ್ತಿಗೆ ರೇಟು ಬಿತ್ತು, ಟ್ಯಾಪಿಂಗ್ ಮಾಡಿಸಿದರೆ ಕೂಲಿಯೂ ಹುಟ್ಟದಾಯಿತು. ಈಗ ಹಾಲು ಹಿಡಿಯುವ ಚಿಪ್ಪುಗಳಲ್ಲಿ ಮಳೆನೀರು ನಿಂತಿದೆ. ಇಡೀ ಗುಡ್ಡೆಯಲ್ಲಿ ಭಾವ ಸೊಳ್ಳೆ ಸಾಕುತ್ತಿದ್ದಾರೆ.

ರೇಟು ಬಿದ್ದ ಮೇಲೆ ಬುದ್ಧಿ ಬಂತೋ ಏನೋ, ಮೂಡಬಿದಿರೆಯಿಂದ ಪುನರ್ಪುಳಿಯ ಎರಡು ಕಸಿ ಗಿಡ ತಂದು ಬೇಲಿಬದಿಯಲ್ಲಿ ನೆಟ್ಟರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನೀರಿಲ್ಲದೆ ಎರಡೂ ಒಣಗಿದವು. ನನಗೆ ಅಯ್ಯೋ ಅನ್ನಿಸಲಿಲ್ಲ.

ಕಳೆದ ಬೇಸಗೆಯಲ್ಲಿ ಭಾವನ ಮೈ ತುಂಬ ಪಿತ್ತದ ಗಂಧೆ ಎದ್ದಿತು. ಬಂಟ್ವಾಳದ ಡಾಕ್ಟರು ಕೊಟ್ಟ ಮಾತ್ರೆಗೂ ತುರಿಕೆ ಬಗ್ಗಲಿಲ್ಲ. ತೋಳು ಕೆರೆದುಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಪುನರ್ಪುಳಿ ಸಿಪ್ಪೆ ಸ್ವಲ್ಪ ಉಂಟಾ? ಅದರ ನೀರು ಕುಡಿದ್ರೆ ಕಡಿಮೆ ಆಗ್ತದೆ.”

ಹಿಂದೆ ಸಿಪ್ಪೆ ತುಂಬಿಡುತ್ತಿದ್ದ ಭರಣಿಯನ್ನು ಅಟ್ಟದಿಂದ ಇಳಿಸಿ ತಂದೆ. ಮುಚ್ಚಳ ತೆಗೆದು ಅವರೆದುರೇ ಬೋರಲು ಹಾಕಿದೆ.

“ಖಾಲಿ ಉಂಟು ಭಾವ,” ಎಂದೆ. “ರಬ್ಬರ್ ಹಾಕುವ.”