ಮೀನಿನ ಪೆಟ್ಟಿಗೆಗೆ ಸುತ್ತಿದ ಕೋರಾ ಬಟ್ಟೆ

ಅಂದು ಮಾಡಿದ ಕೆಲಸ ಇಷ್ಟು: ಐದಕ್ಕೆ ಎದ್ದು ನಳದ ನೀರು ಹಿಡಿದೆ, ಎರಡು ಡ್ರಮ್ಮು, ಒಂಬತ್ತು ಕೊಡ. ಅಂಗಳ ಗುಡಿಸಿದೆ. ರೊಟ್ಟಿ ಬಡಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಮಗ್ಗದ ಶೆಡ್ಡಿನಲ್ಲಿದ್ದ ಯಜಮಾನರಿಗೆ ಎರಡು ಸಲ ಚಹಾ ಕೊಟ್ಟುಬಂದೆ. ಚಾದರಗಳನ್ನು ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ನಾದಿನಿಯ ಮೀನುಗಳಿಗೆ ಒಂದು ಚಿಟಿಕೆ ಕಾಳು ಹಾಕಿದೆ. ಹನ್ನೊಂದಕ್ಕೆ ಆ ಮೀನಿನ ಪೆಟ್ಟಿಗೆಗೆ ಒದ್ದೆ ಬಟ್ಟೆ ಸುತ್ತಿದೆ. ಆಮೇಲೆ ಪಕ್ಕದ ಮನೆಗೆ ಶಾವಿಗೆ ಮಾಡಲು ಹೋದೆ.

ಕೊನೆಯ ಎರಡು ಕೆಲಸ ಮಾಡಿರದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ನಾದಿನಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಮದುವೆ ಮುರಿದು ಬನಹಟ್ಟಿಯ ತವರಿಗೆ ಮರಳಿದ ಮೇಲೆ ಸಿಕ್ಕ ನೌಕರಿ. ಮೊದಲ ಪಗಾರದಲ್ಲಿ ಜಮಖಂಡಿಯಿಂದ ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಒಳಗೆ ಆರು ಮೀನು, ಐದು ಕೆಂಪು, ಒಂದು ಕಪ್ಪು.

"ಲಿಂಗಾ ಕಟ್ಟಿದವರ ಮನ್ಯಾಗ ಮೀನಾ?" ಎಂದು ಅತ್ತೆ ಹಣೆ ಚಚ್ಚಿಕೊಂಡಿದ್ದರು. "ಒಲಿಮ್ಯಾಲ ಬರೂದಿಲ್ಲಲ್ಲಾ, ಅಷ್ಟ ಪುಣ್ಯಾ."

"ಇರಲಿ ಬಿಡಬೇ ಯವ್ವಾ. ಈ ಮನ್ಯಾಗ ನಂದು ಅಂತ ಇರೂದು ಇದೊಂದ," ಎಂದಿದ್ದಳು ನಾದಿನಿ. ಅದನ್ನು ನಗುತ್ತಲೇ ಹೇಳಿದ್ದಳು. ಅಡುಗೆಮನೆ ನನ್ನದು, ತಿಜೋರಿ ನನ್ನದು, ದೇವರ ಜಗಲಿ ಅತ್ತೆಯದು. ನಾನು ಅಲ್ಲಿಯೇ ಕಾಳು ಆರಿಸುತ್ತ ಕೂತಿದ್ದೆ, ತಲೆ ಎತ್ತಲಿಲ್ಲ.

ಬೇಸಿಗೆ ರಜೆಯಲ್ಲಿ ಅವಳಿಗೆ ಬೀಳಗಿಯಲ್ಲಿ ಮೂರು ದಿನದ ತರಬೇತಿ ಬಂತು. ಹೋಗುವಾಗ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು: ಸೆಕೆಯಾದರೆ ಮುಚ್ಚಳ ತೆಗೆದಿಡಬೇಕು, ನೀರಿನ ಮೇಲೆ ಫ್ಯಾನಿನ ಗಾಳಿ ಆಡಬೇಕು. ಬರ್ಫ ಹಾಕಬಾರದು. ಕರೆಂಟು ಹೋಗಿ ಗಾಳಿಯ ಮೋಟಾರು ನಿಂತರೆ ಚರಿಗೆಯಲ್ಲಿ ಅದೇ ನೀರು ಎತ್ತಿ ಎತ್ತಿ ಸುರಿಯಬೇಕು. "ವೈನಿ, ನಿಮ್ಮನ್ನ ನಂಬಿ ಹೊಂಟೇನ್ರಿ," ಎಂದಳು.

ಎರಡು ದಿನ ಅಕ್ಷರ ಬಿಡದೆ ಮಾಡಿದೆ. ಮೂರನೆಯ ದಿನ ಗಾಜು ಮುಟ್ಟಿದರೆ ಬೆಚ್ಚಗಿತ್ತು, ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ನನ್ನ ತಲೆಗೆ ಹೊಳೆದದ್ದು ಕುಡಿಯುವ ನೀರಿನ ಮಡಕೆ. ಅದಕ್ಕೆ ಒದ್ದೆ ಬಟ್ಟೆ ಸುತ್ತಿ ತಣ್ಣಗಿಡುವುದಿಲ್ಲವೇ? ಚಾದರಗಳೆಲ್ಲ ಮಾಳಿಗೆಯ ಮೇಲಿದ್ದವು. ಆ ಬಿಸಿಲಲ್ಲಿ ಮೆಟ್ಟಿಲು ಹತ್ತಲು ಬೇಸರವಾಗಿ, ಶೆಡ್ಡಿಗೆ ಹೋಗಿ ಮಗ್ಗದಿಂದ ಕೊಯ್ದಿಟ್ಟಿದ್ದ, ಇನ್ನೂ ನೀರು ಕಾಣದ ಕೋರಾ ಬಟ್ಟೆಯ ತುಂಡೊಂದನ್ನು ತಂದೆ. ತೋಯಿಸಿ ಪೆಟ್ಟಿಗೆಗೆ ಎರಡು ಸುತ್ತು ಸುತ್ತಿ, ಮೇಲೂ ಹೊದಿಸಿದೆ. ಶಾವಿಗೆಗೆ ಹೋದರೆ ಮತ್ತೆ ಮತ್ತೆ ನೀರು ಚಿಮುಕಿಸಲಾಗದು ಎಂದು ಒಂದು ತುದಿಯನ್ನು ಒಳಗಿನ ನೀರಿಗೇ ಇಳಿಬಿಟ್ಟೆ. ಬಟ್ಟೆ ತಾನೇ ಹೀರಿಕೊಂಡು ಹಸಿಯಾಗಿರುತ್ತದೆ ಎಂಬ ನನ್ನ ಜಾಣತನ.

ಕೋರಾ ಬಟ್ಟೆಯ ನೂಲಿಗೆ ಗಂಜಿ ಇರುತ್ತದೆ, ನೆನೆದರೆ ನೀರಿಗೆ ಬಿಡುತ್ತದೆ. ಇಪ್ಪತ್ತೆರಡು ವರ್ಷ ನೇಕಾರರ ಮನೆಯಲ್ಲಿ ಬಾಳಿದವಳಿಗೆ ಅದು ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಹೊಸ ತುಂಡನ್ನು ಎರಡು ಸಲ ಒಗೆಯದೆ ನಾನು ಒರೆಸುವ ಬಟ್ಟೆ ಕೂಡ ಮಾಡುವುದಿಲ್ಲ.

ಪಕ್ಕದ ಮನೆಯಲ್ಲಿ ಆರು ಜನ ಹೆಂಗಸರಿದ್ದೆವು. ಹಿಟ್ಟು ನಾದುವ ಸರದಿ ನನ್ನದು. ಹನ್ನೆರಡೂವರೆಗೆ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಕರೆಂಟು ಹೋಗಿತ್ತು. ಮೋಟಾರು ನಿಂತಿತೆಂದು ನನಗೆ ಆ ಕ್ಷಣವೇ ತಿಳಿಯಿತು.

"ಒಂದೀಟ ಮನಿಗಿ ಹೋಗಿ ಬರ್ತೇನಿ. ಮೀನಿನ ನೀರ ಆಡಿಸಬೇಕ," ಎಂದೆ.

"ಹಿಟ್ಟ ಒಣಗತೈತಿ, ಯಾರ ನಾದಾವರು? ನಿಮ್ಮ ಮೀನ ಬಂದು ನಾದತಾವೇನು?" ಎಂದಳು ಆ ಮನೆಯಾಕೆ.

"ಮೀನಿನ ಬಾಣಂತನಾ ನಡಸ್ಯಾಳವ್ವಾ ನಮ್ಮಾಕಿ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಏಳಲಿಲ್ಲ. ಒದ್ದೆ ಬಟ್ಟೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡೂವರೆಗೆ ಮನೆಗೆ ಬಂದು ಬಟ್ಟೆ ಎತ್ತಿದೆ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಕಪ್ಪು ಮೀನು ಮತ್ತು ಒಂದು ಸಣ್ಣ ಕೆಂಪು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದ ನಾಲ್ಕು ಮೂಲೆಯಲ್ಲಿ ಮುಖ ಮೇಲೆ ಮಾಡಿ ನಿಂತಿದ್ದವು. ಸತ್ತವನ್ನು ಎತ್ತಲು ಹಾಕಿದ ಕೈ ಇನ್ನೂ ನೀರಿನಲ್ಲಿರುವಾಗಲೇ ನಾದಿನಿಯ ಫೋನು ಬಂತು.

"ಹೆಂಗದಾವ್ರಿ ವೈನಿ? ಇಲ್ಲಿ ಬಿಸಲ ಬೆಂಕಿ ಆಗೇತಿ."

"ಆರಾಮ ಅದಾವ. ನಿಂದು ಊಟ ಆತೇನು?" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯ.

ಅವಳು ಬದಲಿಸಲೆಂದು ತುಂಬಿಟ್ಟಿದ್ದ ಎರಡು ಬಕೆಟ್ ನೀರಿತ್ತು. ಅರ್ಧ ನೀರು ತೆಗೆದು ಅದನ್ನು ನಿಧಾನ ಸುರಿದೆ. ಕರೆಂಟು ಬರುವತನಕ ಚರಿಗೆಯಿಂದ ಎತ್ತಿ ಸುರಿಯುತ್ತ ಕೂತೆ, ತೋಳು ಸೋತುಹೋಯಿತು. ಸತ್ತ ಎರಡನ್ನು ಮಲ್ಲಿಗೆಯ ಬುಡದಲ್ಲಿ ಹೂತೆ. ಅತ್ತೆ ಹೊರಸಿನ ಮೇಲಿಂದ ಎಲ್ಲ ನೋಡುತ್ತಿದ್ದರು.

"ಈ ಬಿಸಲ ಮಂದಿಗೇ ತಡ್ಯಾಕ ಆಗವಲ್ತು. ಬಿಸಲಿಗಿ ಹೋದುವು ಅಂದಬಿಡಬೇ, ಮುಗೀತು," ಎಂದರು. ನನ್ನನ್ನು ಉಳಿಸಲೆಂದೇ ಹೇಳಿದ ಮಾತು. ಹಾಗೇ ಹೇಳುವುದೆಂದು ನಾನೂ ಗಟ್ಟಿ ಮಾಡಿಕೊಂಡೆ.

ಏಳು ಗಂಟೆಗೆ ನಾದಿನಿ ಬಂದಳು. ಚಪ್ಪಲಿ ಬಿಟ್ಟವಳೇ ಪೆಟ್ಟಿಗೆಯ ಮುಂದೆ ಕೂತು ಬೆರಳಿನಿಂದ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಬಿಸಲ ಭಾಳ ಇತ್ತವಾ," ಎಂದೆ.

ಅವಳು ಗಾಜಿಗೆ ಅಂಗೈ ಇಟ್ಟಳು. ಆಮೇಲೆ, "ತಪ್ಪ ನಂದರಿ. ಪಡುವಣ ಗ್ವಾಡಿಗಿ ಇಟ್ಟಾಕಿ ನಾನ. ಒಂದನ್ನೂ ಸರಿಯಾಗಿ ಜ್ವಾಕಿ ಮಾಡೂದು ನನಗ ಬರೂದಿಲ್ಲ," ಎಂದಳು. ಮೀನಿನ ಮಾತಷ್ಟೇ ಅಲ್ಲ ಅದು ಎಂದು ನನಗೂ ಅತ್ತೆಗೂ ತಿಳಿಯಿತು. ಅತ್ತೆ ಮುಖ ತಿರುಗಿಸಿದರು.

ನನಗೆ ತಡೆಯಲಾಗಲಿಲ್ಲ. ಬಚ್ಚಲಿನಿಂದ ಆ ಬಟ್ಟೆ ತಂದು ಅವಳ ಮುಂದಿಟ್ಟೆ. ಗಂಜಿ, ಮುಳುಗಿಸಿದ ತುದಿ, ಕರೆಂಟು ಹೋದಾಗ ಏಳದೆ ಕೂತದ್ದು, ಎಲ್ಲ ಹೇಳಿದೆ.

ಅವಳು ಬಟ್ಟೆಯ ತುದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಮೀನ ಹೋದರ ಹೋದುವು ವೈನಿ. ಫೋನಿನ್ಯಾಗ ಆರಾಮ ಅದಾವ ಅಂದ್ರೆಲ್ಲಾ. ಬಸ್ಸಿನ್ಯಾಗ ನಗಕೋತ ಬಂದ್ನಿರಿ ನಾ."

ತಪ್ಪಾಯಿತು ಎಂದೆ. ಅವಳು ಬಟ್ಟೆಯನ್ನು ಮಡಿಚಿ ಬದಿಗಿಟ್ಟಳು. ನಾನೂ ಯಜಮಾನರೂ ಸೇರಿ ಪೆಟ್ಟಿಗೆಯನ್ನು ಮೂಡಣ ಗೋಡೆಗೆ ಸರಿಸಿದೆವು. ಅಲ್ಲಿದ್ದ ನನ್ನ ತಿಜೋರಿ ಪಡಸಾಲೆಗೆ ಬಂತು.

ಊಟಕ್ಕೆ ಬೆಳಗಿನ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ನಾದಿನಿ ಒಂದು ರೊಟ್ಟಿ ತಿಂದಳು. ಇನ್ನರ್ಧ ಮುರಿದು ಹಾಕಿದೆ, ತೆಗೆದು ಬುಟ್ಟಿಗಿಟ್ಟಳು. ಆಮೇಲೆ ಚಾಪೆ ತಂದು ಪೆಟ್ಟಿಗೆಯ ಪಕ್ಕದಲ್ಲೇ ಹಾಸಿಕೊಂಡಳು. ಮೊದಲು ನಿದ್ದೆ ಹೋದವಳು ಅವಳೇ, ಗೋಡೆಯ ಕಡೆ ಮುಖ ಮಾಡಿ.