ಒಗೊಲ್ಲ ತಂದ ಮಣ್ಣು

ಮಣ್ಣು ಮಾರುತ್ತಿದ್ದ ಅಕೇಲೋ ಮುದುಕಿ ಸಂತೆಯಲ್ಲಿ ಹೆಂಗಸರೆಲ್ಲರ ಎದುರು ಒಗೊಲ್ಲನ ಮಾನ ತೆಗೆದದ್ದು ಅವನ ಎದೆಯಲ್ಲಿ ಇಂದಿಗೂ ಕೆಂಡದ ಹಾಗೆ ಇದೆ.

ಅವನ ಹೆಂಡತಿ ಅಪೊಂಡಿಗೆ ಆಗ ಎರಡು ತಿಂಗಳು. ಮೀನು ಹುರಿಯುವ ವಾಸನೆ ಬಂದರೆ ಸಾಕು, ವಾಂತಿ ಮಾಡಲು ಬೇಲಿಯತ್ತ ಓಡುತ್ತಿದ್ದಳು. ಆ ಸೀಮೆಯ ಬಸುರಿಯರೆಲ್ಲ ಮಾಡುವಂತೆ ಹೊಗೆಯಲ್ಲಿ ಒಣಗಿಸಿದ ಮಣ್ಣಿನ ಚೂರು, ಒದೊವಾ, ಕೆನ್ನೆಯಲ್ಲಿಟ್ಟುಕೊಂಡರೆ ಮಾತ್ರ ಸಮಾಧಾನ.

"ಹಿಡಿ ಮಣ್ಣಿಗೆ ಇಷ್ಟೊಂದು ರೇಟಾ? ಮಣ್ಣು ಅಗೆಯೋ ಗುಡ್ಡ ನಿನ್ನ ಗಂಡ ಕಟ್ಟಿಸಿದ್ನಾ, ಅಜ್ಜಿ?" ಎಂದಿದ್ದ ಒಗೊಲ್ಲ.

"ಬಸುರಿ ಬಾಯಿಗೆ ಹಾಕೋದ್ರಲ್ಲೂ ಚೌಕಾಸಿ ಮಾಡ್ತಾನೆ, ನೋಡ್ರೇ. ಹೋಗಪ್ಪಾ, ನಿನ್ನ ಇಟ್ಟಿಗೇನೇ ತಿನ್ಸು," ಎಂದಳು ಅಕೇಲೋ. ಹೆಂಗಸರು ನಕ್ಕರು.

ಇಪ್ಪತ್ತು ವರ್ಷ ಇಟ್ಟಿಗೆ ಸುಟ್ಟವನಿಗೆ ಮಣ್ಣಿನ ಪಾಠವೇ? ರೋಷದಲ್ಲಿ ನೇರ ಹೊಳೆಗೆ ಹೋದ. ಮೇಲ್ಗಡೆ ಮಣ್ಣಿನಿಂದ ಚಿನ್ನ ತೊಳೆದು ತೆಗೆಯುವವರಿಗಿಂತ ಕೆಳಗಿನ ದಂಡೆಯಲ್ಲಿ ಮರಳಿಲ್ಲದ ಬೂದು ಜೇಡಿ ಸಿಕ್ಕಿತು, ಬೆಣ್ಣೆಯಂಥದ್ದು. ಮೇಲಿನವರು ಚಿನ್ನ ಹಿಡಿಯಲು ಬಳಸಿದ ಪಾದರಸದ ನೀರನ್ನು ಅಲ್ಲಿಗೇ ಚೆಲ್ಲುತ್ತಾರೆಂದು ಅವನಿಗೆ ಗೊತ್ತಿತ್ತು. ಬೆಂಕಿಗೆ ಹಿಡಿದರೆ ವಿಷ ಹೋಗುತ್ತದೆ ಎಂದುಕೊಂಡು, ಒಣಗಿಸಿ ಮನೆಗೆ ತಂದ.

"ನುಣ್ಣಗಿದೆ. ಎಲ್ಲೀದು?" ಎಂದಳು ಅಪೊಂಡಿ.

"ನಮ್ಮ ಇಟ್ಟಿಗೆ ಗುಂಡೀದೇ. ತಿನ್ನು."

ಮೂರು ವಾರದಲ್ಲಿ ಅವಳ ಕಣ್ಣು ಗುಳಿಬಿದ್ದವು. ಮೊದಲ ಮೂರು ತಿಂಗಳು ಹೀಗೇ ಇರುತ್ತೆ ಎಂದರು ನೆರೆಯವರು. ಆಮೇಲೆ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿ, ಒಂದು ದಿನ ಬೆಳಗಿನಿಂದ ಹೋಗಲೇ ಇಲ್ಲ. ಎದ್ದು ನಿಂತವಳು ಹೊಸ್ತಿಲಲ್ಲೇ ಕುಸಿದಳು.

ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದ ಅಕೇಲೋ ಕಂಡು ಒಳಬಂದಳು. ಅಪೊಂಡಿಯ ತೋಳಿನ ಚರ್ಮ ಚಿವುಟಿದಳು, ಮೈಯಲ್ಲಿ ನೀರಿಲ್ಲದೆ ಮಡಿಕೆ ಹಾಗೇ ನಿಂತಿತು. ಚಾಪೆಯ ಬದಿಯ ಬೂದು ಚೂರನ್ನು ಮುರಿದು ನೋಡಿ, ಹೊಳೆಯ ಜೇಡಿಯೆಂದು ಗುರುತಿಸಿ ಒಗೊಲ್ಲನ ಮುಖ ನೋಡಿದಳು. ಮೋಟಾರ್‌ಸೈಕಲ್ ಕರೆಸಿ, ತಾನೇ ಹಿಂದೆ ಕೂತು ಅವಳನ್ನು ತಬ್ಬಿ ಹಿಡಿದಳು. ಒಗೊಲ್ಲ ಮುದುಕಿಯ ಬುಟ್ಟಿ ಹಿಡಿದು ಇನ್ನೊಂದರಲ್ಲಿ ಹಿಂದೆಯೇ ಹೋದ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಸಿಸ್ಟರ್ ಗದರಿದಳು. "ಬಸುರೀಲಿ ಹೊಟ್ಟೆ ತೊಳೆಸೋದು ಸಹಜಾನೇ. ಬೆಳಿಗ್ಗೆ ಏಳೋಕೆ ಮುಂಚೆ ಒಂದು ಚೂರು ಒಣ ಬ್ರೆಡ್ಡೋ ಬಿಸ್ಕತ್ತೋ ತಿನ್ಬೇಕು. ಸ್ವಲ್ಪ ಸ್ವಲ್ಪ ಊಟ, ಗುಟುಕು ಗುಟುಕು ನೀರು. ಆದ್ರೆ ನೀರೂ ನಿಲ್ಲದೆ ಹೋದ್ರೆ, ಮೂತ್ರ ಕಪ್ಪಾದ್ರೆ, ಒಂದು ದಿನಾನೂ ಕಾಯ್ಬಾರ್ದು. ಮಣ್ಣು ಬೇರೆ ತಿಂದಿದ್ದಾಳೆ. ಎಲ್ಲೀದು? ಚಿನ್ನದ ಹೊಳೇದಾದ್ರೆ ಈಗ್ಲೇ ಹೇಳಿ. ದೊಡ್ಡಾಸ್ಪತ್ರೇಲಿ ರಕ್ತ ನೋಡಿಸ್ಬೇಕು. ಮಗುವಿನ ಮಿದುಳಿಗೇ ಹೊಡೆಯತ್ತೆ ಆ ಪಾದರಸ."

ಅಕೇಲೋ ಅವನನ್ನೇ ನೋಡುತ್ತಿದ್ದಳು. ಅಪೊಂಡಿಗೆ ಎಚ್ಚರವಿರಲಿಲ್ಲ.

"ಸಂತೇದು," ಎಂದ ಒಗೊಲ್ಲ.

ಸಿಸ್ಟರ್ ಕಣ್ಣು ಅಕೇಲೋಳ ಮಣ್ಣಿನ ಬುಟ್ಟಿಯತ್ತ ಹೊರಳಿತು. "ಇಂಥ ವಿಷ ಮಾರೋಕೆ ನಾಚಿಕೆ ಆಗಲ್ವಾ, ಅಜ್ಜಿ?"

ಮುದುಕಿ ಹೊರಗೆ ಬಂದು ಅವನ ಅಂಗಿ ಹಿಡಿದಳು. "ನನ್ನ ಹೆಸರು ಹಾಳಾಗ್ಲಿ, ಮಗಾ. ಒಳಗೋಗಿ ನಿಜ ಹೇಳು. ನಾನು ಹೇಳಿದ್ರೆ ಈಗ ಯಾರು ನಂಬ್ತಾರೆ?"

"ಹೇಳ್ತೀನಿ ಬಿಡು. ಸಾಯಂಕಾಲ."

ಸಾಯಂಕಾಲ ಅಪೊಂಡಿ ಕಣ್ಣು ಬಿಟ್ಟಳು. ಕುಡಿದ ಗಂಜಿ ಹೊಟ್ಟೆಯಲ್ಲಿ ನಿಂತಿತು. ಇನ್ನು ಹೇಳುವುದೇನಿದೆ ಎಂದುಕೊಂಡ. ಸುದ್ದಿ ಸಂತೆ ತಲುಪಿ, ಅಕೇಲೋಳ ಬುಟ್ಟಿಯ ಹತ್ತಿರ ಯಾರೂ ಸುಳಿಯದಾದರು. ತಿಂಗಳೊಳಗೆ ಅವಳು ಮಗಳ ಊರಿಗೆ ಹೊರಟುಹೋದಳು.

ಅಪೊಂಡಿಗೆ ಈಗ ಏಳು ತಿಂಗಳು. ನಿನ್ನೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. "ಇತ್ತೀಚೆಗೆ ಯಾಕೋ ಮಗು ಒದೆಯೋದು ಕಮ್ಮಿಯಾಗಿದೆ, ಅಲ್ವಾ?"

"ಮಲಗಿರ್ಬೇಕು," ಎಂದ.

ಆಸ್ಪತ್ರೆ ಅರ್ಧ ಗಂಟೆಯ ದಾರಿ. ಮಣ್ಣು ಅಕೇಲೋಳದಲ್ಲ, ಹೊಳೆಯದು ಎಂದು ಅಲ್ಲಿ ಅವನು ಆಡಬೇಕಿದ್ದ ಮಾತು ಬಾಕಿಯೇ ಉಳಿದಿದೆ; ಅವನು ಇನ್ನೂ ಹೊರಟಿಲ್ಲ.