ಗುಡಿಸಿ ರಂಗೋಲಿ ಹಾಕಿದ ಕಾಡು

ಜೀವನ್ ಬಿಮಾ ನಗರದ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ, ವಿಮಾನವೊಂದು ನಮ್ಮ ನೀರಿನ ಟ್ಯಾಂಕಿನ ಮೇಲೆಯೇ ಇಳಿಯಿತೆಂದುಕೊಂಡು ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದೆ. ಎದುರು ಮನೆಯವರು ನಿಶ್ಚಿಂತೆಯಿಂದ ಹಲ್ಲುಜ್ಜುತ್ತಾ ನಿಂತಿದ್ದರು. "ಏರ್‌ಪೋರ್ಟ್ ಪಕ್ಕದಲ್ಲೇ ಇದೆಯಲ್ರೀ, ಎರಡು ದಿನ ಆದ್ರೆ ಕೇಳ್ಸೋದೇ ಇಲ್ಲ" ಎಂದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗದಗ ಸೀಮೆಯ ಕಪ್ಪತಗುಡ್ಡದ ಬುಡದಲ್ಲಿ ಹುಟ್ಟಿ, ಅಲ್ಲಿಯ ಹೈಸ್ಕೂಲಿನಲ್ಲೇ ಜೀವಶಾಸ್ತ್ರ ಕಲಿಸುತ್ತಿದ್ದ ನಾನು, ವಿಮೆ ಕಚೇರಿಯಲ್ಲಿದ್ದ ಯಜಮಾನರಿಗೆ ವರ್ಗವಾದದ್ದರಿಂದ ಇಲ್ಲಿಗೆ ಬಂದಿದ್ದೆ. ಎರಡು ದಿನವಲ್ಲ, ಎರಡು ತಿಂಗಳಾದರೂ ಆ ಸದ್ದು ನನಗೆ ಕೇಳುತ್ತಲೇ ಇತ್ತು.

ರೊಟ್ಟಿಗೆ ಜೋಳದ ಹಿಟ್ಟು ಹುಡುಕಿಕೊಂಡು ಶಿವಾಜಿನಗರದವರೆಗೆ ಹೋದರೆ ಮೆಕ್ಕೆಜೋಳದ ಹಿಟ್ಟು ಕೊಟ್ಟು ಕಳಿಸಿದರು. ಮನೆ ಮಾಲೀಕರದು ತಮಿಳು, ತರಕಾರಿಯವರದು ದಖ್ಖನಿ ಉರ್ದು. ನನ್ನ ಕನ್ನಡ ಕೇಳಿದವರೆಲ್ಲ "ನೀವು ಹುಬ್ಳಿ ಕಡೆಯವ್ರಾ?" ಎಂದು ನಗುತ್ತಿದ್ದರು. ನಗಲಿ, ನನಗೇನು! ಆದರೆ ಹಲಸೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿ, ಒಂಬತ್ತನೇ ತರಗತಿಗೆ ಕಾಡಿನ ಪಾಠ ಮಾಡಲು ಗೋಡೆಯ ಚಾರ್ಟ್ ಕೊಟ್ಟಾಗ ಮಾತ್ರ ನಗು ಬರಲಿಲ್ಲ. ಅದರಲ್ಲಿ ಹುಲಿ, ಸಿಂಹ, ಜಿಂಕೆ ಮೂರೂ ಒಂದೇ ಮರದ ಕೆಳಗೆ ಫೋಟೋಕ್ಕೆ ನಿಂತಂತಿದ್ದವು. ಊರಿನಲ್ಲಾದರೆ ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದೆ. ಇಲ್ಲಿ ಎಲ್ಲಿಗೆ ಹೋಗುವುದು?

ಶಾಲೆಯ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿ ಯಾರಿಗೂ ಬೇಡವಾದ ಜಾಗವೊಂದಿತ್ತು. ನಾಲ್ಕು ಹೊಂಗೆ ಮರ, ಲಂಟಾನ ಪೊದೆ, ಒಂದು ಹುತ್ತ, ಮೊಣಕಾಲೆತ್ತರದ ಹುಲ್ಲು. ಇಷ್ಟು ಸಾಕು ಎಂದು ಹಟ ಹಿಡಿದೆ. ನೆಲದ ಮೇಲೆ ಹಗ್ಗದಿಂದ ಹತ್ತಡಿ ಚೌಕ ಮಾಡಿಸಿದೆ. ಪ್ರತಿ ಗುರುವಾರ ಅದರ ಸುತ್ತ ಕುಳಿತು, ಒಳಗೆ ಯಾರಿದ್ದಾರೆ, ಯಾರು ಯಾರನ್ನು ತಿನ್ನುತ್ತಾರೆ, ಯಾರ ನೆರಳಲ್ಲಿ ಯಾರು ಬದುಕುತ್ತಾರೆ ಎಂದು ಬರೆಯುವುದು. ಮುಟ್ಟುವಂತಿಲ್ಲ, ನೋಡುವುದಷ್ಟೇ. ಒಂದು ದಿನ ತಲೆಯಾಡಿಸುತ್ತ ಬಂದ ಪ್ರಾಣಿಯನ್ನು ಕಂಡು ಹಲಸೂರಿನ ಸೆಲ್ವಿ "ಓಣಾನ್!" ಎಂದಳು, ಶಿವಾಜಿನಗರದ ಶಬಾನಾ "ಗಿರ್ಗಿಟ್!" ಎಂದಳು, ನಾನು ಓತಿಕ್ಯಾತ ಎಂದೆ. ಮೂರನ್ನೂ ಪುಸ್ತಕದಲ್ಲಿ ಬರೆದುಕೊಂಡೆವು. ಬೆಂಗಳೂರಿಗೆ ಬಂದ ಮೇಲೆ ಮೊದಲ ಬಾರಿಗೆ ನನಗೆ ಜೊತೆ ಸಿಕ್ಕಿತೆನಿಸಿದ್ದು ಅವತ್ತು.

ಆದರೆ ಪ್ರಿನ್ಸಿಪಾಲ್ ಮೇಡಂ ಕರೆಸಿದರು. "ಮಕ್ಕಳನ್ನ ಪೊದೆಗೆ ಯಾಕೆ ಕಳಿಸ್ತೀರಾ ಅಂತ ಪೇರೆಂಟ್ಸ್ ಕೇಳ್ತಿದಾರೆ, ಶಾಂತಾ. ಸೋಮವಾರ ಬಂದು ನೋಡ್ತೀನಿ. ಸರಿ ಅನ್ನಿಸ್ಲಿಲ್ಲ ಅಂದ್ರೆ ಸ್ಟಾಪ್ ಮಾಡ್ಬೇಕಾಗುತ್ತೆ." ನಾನು ತರಗತಿಗೆ ಹೋಗಿ, "ಸೋಮವಾರ ಮೇಡಂ ನೋಡಾಕ ಬರ್ತಾರ. ಎಲ್ಲಾ ಛಲೋ ಇರಬೇಕು ನೋಡ್ರಿ" ಎಂದೆ. ಅಷ್ಟೇ ಹೇಳಿದ್ದು.

ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ತರಗೆಲೆ ಒಂದೂ ಇಲ್ಲ. ಹುಲ್ಲು ಕಿತ್ತು ಹಾಕಿದ್ದಾರೆ, ಹುತ್ತ ಒಡೆದು ನೆಲ ಸಮ ಮಾಡಿದ್ದಾರೆ. ಮರಗಳ ಬುಡಕ್ಕೆ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ. ಹಗ್ಗದ ಚೌಕದೊಳಗೆ ನೀರು ಚಿಮುಕಿಸಿ ದೊಡ್ಡದೊಂದು ರಂಗೋಲಿ!

"ಸೂಪರ್ ಆಗಿದೆ ಅಲ್ವಾ ಮಿಸ್?" ಎಂದಳು ಸೆಲ್ವಿ, ಕೈ ತುಂಬ ಸುಣ್ಣ. "ನಿನ್ನೆ ಎಲ್ರೂ ಬಂದ್ಬಿಟ್ವಿ. ಶಬಾನಾ ಮನೆಯಿಂದ್ಲೇ ಪೊರಕೆ ತಂದ್ಳು."

ಬೈಯಲು ಬಾಯಿ ತೆರೆದಾಗಲೇ ನೆನಪಾಯಿತು: ನಮ್ಮೂರ ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಗಿಡಗಳಿಗೆ ಸುಣ್ಣ ಬಳಿಸಿದವಳು ನಾನೇ. ದೊಡ್ಡವರು ಬರುವಾಗ ಗುಡಿಸಬೇಕೆಂದು ಇವರಿಗೂ ನಮ್ಮಂಥವರೇ ಕಲಿಸಿದ್ದು. ತಪ್ಪು ನನ್ನದು.

ಅಷ್ಟರಲ್ಲಿ ಮೇಡಂ ಬಂದರು. ಸುತ್ತ ನೋಡಿದ ಅವರ ಮುಖ ಅರಳಿತು. "ಎಷ್ಟು ನೀಟಾಗಿ ಇಟ್ಕೊಂಡಿದೀರಿ! ಇದಕ್ಯಾರು ಬೇಡ ಅಂತಾರೆ? ಮುಂದುವರ್ಸಿ."

ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಹೂಂ ಎಂದರೆ ಈ ಮಕ್ಕಳು ಬದುಕಿಡೀ ಕಾಡೆಂದರೆ ಇದೇ ಎಂದುಕೊಳ್ಳುತ್ತಾರೆ. ಹೇಳಿಯೇಬಿಟ್ಟೆ: "ಇಲ್ಲಿ ಈಗ ಕಾಡಿಲ್ರಿ ಮೇಡಂ. ಮೊನ್ನೆ ಇತ್ತು. ಹತ್ತು ನಿಮಿಷ ಕೊಡ್ರಿ, ತೋರಸ್ತೀನಿ."

ಗೋಡೆಯ ಅಂಚಿನಲ್ಲಿ ಪೊರಕೆ ಮುಟ್ಟದ ತುಂಡು ಜಾಗ ಉಳಿದಿತ್ತು. ಇನ್ನೊಂದು ಹಗ್ಗವನ್ನು ಅಲ್ಲಿ ಹಾಕಿಸಿದೆ. ಅರ್ಧ ಮಕ್ಕಳು ಅಲ್ಲಿ, ಅರ್ಧ ಮಕ್ಕಳು ರಂಗೋಲಿಯ ಸುತ್ತ ಕುಳಿತರು. ಆಮೇಲೆ ಶಬಾನಾ ಗೋಡೆಯ ಕಡೆಯ ಪಟ್ಟಿ ಓದಿದಳು: ಕಟ್ಟಿರುವೆ, ಗೆದ್ದಲು, ಜೇಡ, ಬಸವನಹುಳು, ಅಣಬೆ, ಹೊಂಗೆಯ ಮೊಳಕೆ, ಮೂರು ಬಗೆಯ ಹುಲ್ಲು. ಪಟ್ಟಿ ಮುಗಿಯಲೇ ಇಲ್ಲ. ಸೆಲ್ವಿಯ ಪುಸ್ತಕದಲ್ಲಿ ಒಂದೇ ಸಾಲು: ಇರುವೆ, ರಂಗೋಲಿ ಹಿಟ್ಟು ಹೊರುತ್ತಿದೆ.

ಅವಳು ಪುಸ್ತಕ ಮುಚ್ಚಿ ಕೇಳಿದಳು: "ನಾವೇ ಓಡಿಸ್ಬಿಟ್ವಾ ಮಿಸ್?"

ಮೇಡಂ ರಂಗೋಲಿಯತ್ತ ಬಾಗಿ ಕೇಳಿದರು, "ವಾಪಸ್ ಬರ್ತಾವಾ?"

"ಗೊತ್ತಿಲ್ರಿ. ನೋಡಬೇಕಂದ್ರ ವರ್ಷ ಬೇಕು."

"ಸರಿ, ನೋಡಿ. ಪೇರೆಂಟ್ಸ್‌ಗೆ ನಾನು ಹೇಳ್ತೀನಿ" ಎಂದು ಅವರು ರಂಗೋಲಿ ತುಳಿಯದಂತೆ ಸುತ್ತಿ ಹೋದರು.

ಆ ಬೇಸಿಗೆ ರಜೆಗೆ ಊರಿಗೆ ಹೋದೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕಣ್ಣೆದುರು ಗುಡ್ಡ, ಯಾರೂ ನಗದ ನನ್ನ ಮಾತು. ಎಲ್ಲವೂ ಇತ್ತು. ಆದರೂ ಬೆಂಗಳೂರಿಗೆ ಮಳೆ ಬಿತ್ತೇ ಎಂದು ದಿನಾ ಪೇಪರು ತಿರುವುತ್ತಿದ್ದೆ. ಒಂದು ಮಧ್ಯಾಹ್ನ ಸೆಲ್ವಿಯ ಕಾರ್ಡು ಬಂತು. ಮಳೆ ಬಂದಿದೆಯೆಂದೂ, ವಾಚ್‌ಮನ್ ಅಣ್ಣನನ್ನು ಕೇಳಿಕೊಂಡು ಒಳಗೆ ಹೋಗಿ ನೋಡಿದ್ದಾಗಿಯೂ, ರಂಗೋಲಿ ಹಾಕಿದ್ದ ಚೌಕದಲ್ಲಿ ಹನ್ನೊಂದು ಮೊಳಕೆಗಳಿವೆಯೆಂದೂ, ಯಾವುದನ್ನೂ ಮುಟ್ಟಿಲ್ಲವೆಂದೂ ಬರೆದಿದ್ದಳು. ಓದುತ್ತಾ ನನಗೆ ಅಳುವೇ ಬಂದುಬಿಟ್ಟಿತು.

ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಗಾಬರಿಯಾದರು. "ಯಾರದವ್ವಾ ಕಾಗದ?"

"ಏನಿಲ್ರಿ, ಊರಿಂದ ಬಂದದ" ಎಂದೆ.

ಅತ್ತಿಗೆಯ ಕೈ ನಿಂತಿತು. "ಊರಾಗ ಕುಂತೀಯಲ್ಲವಾ. ಮತ್ಯಾವ ಊರಿಂದ ಬಂತು?"